ಕಾಣದ ಗ್ಯಾಲಕ್ಸಿಗಳ ಲೆಕ್ಕ

ಟೆಕ್ ಫೆಸ್ಟಿಗೆ ನಾಲ್ಕು ದಿನ ಬಾಕಿ. ನನ್ನ ಪೋಸ್ಟರ್ ಆಗಲೇ ಫ್ಲೆಕ್ಸ್ ಆಗಿ ಬಂದು ಹಾಸ್ಟೆಲ್ ರೂಮಿನ ಬೀರು ಮೇಲೆ ಸುರುಳಿ ಸುತ್ತಿಕೊಂಡು ಕೂತಿತ್ತು. ಅದರಲ್ಲಿದ್ದ ಗ್ರಾಫ್ ಎಷ್ಟು ಚೆಂದ ಬಂದಿತ್ತು ಅಂದ್ರೆ, ರೂಮ್‌ಮೇಟ್ ನೋಡಿದವನೇ "ಮಗಾ, ಪ್ರೈಜ್ ಫಿಕ್ಸ್" ಅಂದಿದ್ದ. ನನಗೂ ಹಾಗೇ ಅನ್ನಿಸಿತ್ತು.

ಗ್ರಾಫ್ ಯಾವುದರದ್ದು ಅಂತ ಮೊದಲು ಹೇಳ್ತೀನಿ. ಕೆಲವು ಗ್ಯಾಲಕ್ಸಿಗಳ ನಡುವೆ ಇರುವ ದೈತ್ಯ ಬ್ಲ್ಯಾಕ್ ಹೋಲ್ ಸುತ್ತಲಿನ ಅನಿಲವನ್ನು ನುಂಗುತ್ತಾ, ಎರಡು ವಿರುದ್ಧ ದಿಕ್ಕಿಗೆ ಜೆಟ್ ಚಿಮ್ಮಿಸುತ್ತದೆ. ಆ ಜೆಟ್‌ಗಳೇ ರೇಡಿಯೊದಲ್ಲಿ ಹೊಳೆಯೋದು. ದೊಡ್ಡ ರೇಡಿಯೊ ಗ್ಯಾಲಕ್ಸಿಗಳಲ್ಲಿ ಅವು ಲಕ್ಷಾಂತರ ಜ್ಯೋತಿರ್ವರ್ಷ ಚಾಚಿಕೊಂಡಿರುತ್ತವೆ. ಆದರೆ ಅಷ್ಟೇ ಶಕ್ತಿಯಿದ್ದೂ ಗಾತ್ರದಲ್ಲಿ ಪುಟ್ಟಗಿರುವ ಒಂದು ಗುಂಪಿದೆ. ಅದರಲ್ಲಿ ಸಿಎಸ್‌ಎಸ್ ಅನ್ನೋವು ಹೆಚ್ಚೆಂದರೆ 65,000 ಜ್ಯೋತಿರ್ವರ್ಷ, ಜಿಪಿಎಸ್ ಅನ್ನೋವು 3,000ಕ್ಕೂ ಕಡಿಮೆ. (ಇದು ನಿಮ್ಮ ಫೋನಿನ ಜಿಪಿಎಸ್ ಅಲ್ಲ. ಗಿಗಾಹರ್ಟ್ಜ್ ಪೀಕ್ಡ್ ಸ್ಪೆಕ್ಟ್ರಮ್. ಸ್ಪೆಕ್ಟ್ರಮ್ 1 ಗಿಗಾಹರ್ಟ್ಜ್ ಆಸುಪಾಸಿನಲ್ಲಿ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಇಸಿಯವರಿಗೆ ಬ್ಯಾಂಡ್‌ಪಾಸ್ ಫಿಲ್ಟರ್ ನೆನಪಾದರೆ ತಪ್ಪಿಲ್ಲ.) ನಮ್ಮ ಆಕಾಶಗಂಗೆಯ ಅಗಲವೇ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಅಂದರೆ ಇವುಗಳ ಜೆಟ್ ಇನ್ನೂ ಮನೆಯ ಹೊಸ್ತಿಲು ದಾಟಿಲ್ಲ.

ಯಾಕೆ ದಾಟಿಲ್ಲ? ಎಂಬತ್ತರ ದಶಕದಿಂದ ಇದಕ್ಕೆ ಎರಡು ಪಕ್ಷ. ಇವು ಇನ್ನೂ ಎಳೆಯವು, ಮುಂದೆ ಬೆಳೀತಾವೆ ಅನ್ನೋದು ಒಂದು. ವಯಸ್ಸೇನೋ ಆಗಿದೆ, ಆದರೆ ಸುತ್ತ ದಟ್ಟವಾದ ಅನಿಲ, ಧೂಳು ಮುತ್ತಿಕೊಂಡು ಜೆಟ್ಟನ್ನು ಅಡ್ಡಗಟ್ಟಿದೆ ಅನ್ನೋದು ಇನ್ನೊಂದು. ಈ ಎರಡನೆಯದಕ್ಕೆ ಪೇಪರುಗಳಲ್ಲಿ ಇಟ್ಟಿರುವ ಹೆಸರೇ 'ಫ್ರಸ್ಟ್ರೇಷನ್'. ಮೂರನೇ ಸೆಮಿಸ್ಟರಿನ ಮ್ಯಾಥ್ಸನ್ನು ಮೂರು ಸಲ ಬರೆದ ನನಗೆ ಯಾವ ಪಕ್ಷ ಹಿಡಿಸಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಪರೀಕ್ಷಿಸೋಕೆ ಇನ್‌ಫ್ರಾರೆಡ್, ಅಂದರೆ ಅವಗೆಂಪು ಬೆಳಕು ಬೇಕು. ನಮ್ಮ ಊರಿನ ಮನೆಯಲ್ಲಿ ಬಚ್ಚಲ ಒಲೆ ಇದೆ. ಬೆಳಿಗ್ಗೆ ಎದ್ದಾಗ ಬರೀ ಬೂದಿ ಕಾಣುತ್ತೆ. ಅಜ್ಜಿ ಮಾತ್ರ ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿದು, "ಕೆಂಡ ಐತೆ, ಊದು" ಅನ್ನುತ್ತಿದ್ದರು. ಗ್ಯಾಲಕ್ಸಿಯ ಧೂಳೂ ಹಾಗೇ. ನಡುವಿನಿಂದ ಬರುವ ಪ್ರಖರ ಬೆಳಕನ್ನು ಹೀರಿಕೊಂಡು, ತಾನು ಬಿಸಿಯಾಗಿ, ಅದನ್ನೇ ಅವಗೆಂಪಿನಲ್ಲಿ ಹೊರಗೆ ಬಿಡುತ್ತದೆ. ಜೆಟ್ಟನ್ನು ಕಟ್ಟಿಹಾಕುವಷ್ಟು ಅನಿಲ, ಧೂಳು ಇದ್ದರೆ ಈ ಪುಟ್ಟ ಗ್ಯಾಲಕ್ಸಿಗಳು ದೊಡ್ಡವುಗಳಿಗಿಂತ ಅವಗೆಂಪಿನಲ್ಲಿ ಹೆಚ್ಚು ಹೊಳೀಬೇಕು.

ಡೇಟಾಗೆ ಕಾಸು ಕೊಡಬೇಕಾಗಿಲ್ಲ. 2009ರ ಡಿಸೆಂಬರಿನಲ್ಲಿ ಹಾರಿದ ನಾಸಾದ ವೈಸ್ ಅನ್ನುವ 40 ಸೆಂಟಿಮೀಟರಿನ ಟೆಲಿಸ್ಕೋಪ್ ಇಡೀ ಆಕಾಶವನ್ನು 3.4, 4.6, 12 ಮತ್ತು 22 ಮೈಕ್ರಾನಿನಲ್ಲಿ ಅಳೆದಿಟ್ಟಿದೆ. ಯಾರು ಬೇಕಾದರೂ ಡೌನ್‌ಲೋಡ್ ಮಾಡ್ಕೋಬಹುದು. ಪುಟ್ಟವುಗಳ ಒಂದು ಪಟ್ಟಿ, ದೊಡ್ಡವುಗಳ ಒಂದು ಪಟ್ಟಿ ತಗೊಂಡು 22 ಮೈಕ್ರಾನಿನ ಹೊಳಪನ್ನು ಲೆಕ್ಕ ಹಾಕಿದೆ. ಪುಟ್ಟವು ಸ್ಪಷ್ಟವಾಗಿ ಮೇಲೆ ಬಂದವು. ಪೋಸ್ಟರಿಗೆ 'ಅಡ್ಡಗಟ್ಟಿದ ಗ್ಯಾಲಕ್ಸಿಗಳು' ಅಂತ ಹೆಸರಿಟ್ಟೆ.

ಫಿಸಿಕ್ಸ್ ಮೇಡಂ ಗ್ರಾಫನ್ನು ನೋಡಿ ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ಪಟ್ಟಿಯಲ್ಲಿ ಇರೋದಕ್ಕೂ ಇಲ್ಲಿರೋ ಚುಕ್ಕಿಗಳಿಗೂ ಲೆಕ್ಕ ತಾಳೆ ಆಗ್ತಿಲ್ವಲ್ಲಪ್ಪಾ, ಉಳಿದವು ಎಲ್ಲಿ?" ಅಂದರು ಅಷ್ಟೆ.

ಕೋಡ್ ತೆಗೆದು ನೋಡಿದೆ. ನಾಲ್ಕನೇ ಸಾಲಿನಲ್ಲಿ ಡ್ರಾಪ್‌ಎನ್‌ಎ. ಪೈಥಾನ್ ಕಲಿತ ದಿನದಿಂದ ಯೋಚನೆ ಮಾಡದೇ ಬರೆಯೋ ಸಾಲು ಅದು: ಖಾಲಿ ಕೋಶ ಇರುವ ಸಾಲುಗಳನ್ನೆಲ್ಲ ಕಿತ್ತು ಎಸೆ. ಆದರೆ ವೈಸ್ ಕ್ಯಾಟಲಾಗಿನಲ್ಲಿ ದೋಷದ ಕಾಲಂ ಖಾಲಿ ಇದ್ದರೆ ಅಲ್ಲಿ ಅಳತೆಯೇ ಇಲ್ಲ ಅಂತ ಅರ್ಥವಲ್ಲ. ವಸ್ತು ಸರಿಯಾಗಿ ಕಾಣಲಿಲ್ಲ, ಅದರ ಹೊಳಪು ಇಷ್ಟಕ್ಕಿಂತ ಹೆಚ್ಚಿರಲಾರದು ಅನ್ನುವ ಮೇಲಿನ ಮಿತಿಯನ್ನು ಪಕ್ಕದ ಕಾಲಂನಲ್ಲಿ ಕೊಟ್ಟಿರುತ್ತಾರೆ. ನಾನು ಎಸೆದದ್ದು ಮಂಕಾದ ಗ್ಯಾಲಕ್ಸಿಗಳನ್ನು. ಅದರಲ್ಲೂ ನನ್ನ ಪಟ್ಟಿಯ ಪುಟ್ಟವು ಒಟ್ಟಾರೆ ಹೆಚ್ಚು ದೂರದವು, ಹಾಗಾಗಿ ಆ ಕಡೆಯೇ ಹೆಚ್ಚು ಸಾಲು ಹಾರಿಹೋಗಿದ್ದವು. ರಾತ್ರಿ ಬಸ್ಸಿನಿಂದ ನೋಡಿದಾಗ ದೂರದ ಊರಿನದು ಅಂತ ಕಾಣೋದು ಹೈಮಾಸ್ಟ್ ದೀಪ ಮಾತ್ರ. ಅಷ್ಟಕ್ಕೇ ಆ ಊರಿನ ಮನೆಮನೆಯಲ್ಲೂ ಹೈಮಾಸ್ಟ್ ಇದೆ ಅನ್ನೋಕಾಗುತ್ತಾ?

ಆ ರಾತ್ರಿ ಒಂದು ಯೋಚನೆ ಬಂತು, ಮುಚ್ಚಿಡದೇ ಹೇಳ್ತೀನಿ. ಜಡ್ಜ್‌ಗಳಿಗೆ ಇದು ಗೊತ್ತಾಗಲ್ಲ. ಫ್ಲೆಕ್ಸಿಗೆ ಕೊಟ್ಟ ದುಡ್ಡು ಹೋಗಿದೆ. ಮೇಡಂ ಕೂಡ ತೆಗೆದುಹಾಕು ಅಂತ ಬಾಯಿಬಿಟ್ಟು ಹೇಳಿಲ್ಲ. ಬೆಳಗಿನ ಜಾವ ಎರಡು ಗಂಟೆಯವರೆಗೂ ಹಾಗೇ ಹೊರಳಾಡಿ, ಆಮೇಲೆ ಲ್ಯಾಪ್‌ಟಾಪ್ ತೆಗೆದೆ.

ಎಸೆದ ಸಾಲುಗಳನ್ನೆಲ್ಲ ವಾಪಸ್ ತಂದು, ಪ್ರತಿಯೊಂದನ್ನೂ ಕೆಳಮುಖ ಬಾಣವಾಗಿ ಹಾಕಿದೆ. ಚುಕ್ಕಿಗಳ ನಡುವೆ ಬಾಣಗಳ ಮಳೆ. ಇಂಥ ಅರೆಬರೆ ಅಳತೆಗಳನ್ನು ಸರಾಸರಿಗೆ ಸೇರಿಸುವ ವಿಧಾನವೂ ಇದೆ. ವೈದ್ಯಕೀಯದಲ್ಲಿ ರೋಗಿಗಳು ಎಷ್ಟು ಕಾಲ ಬದುಕಿದರು ಅಂತ ಲೆಕ್ಕ ಹಾಕೋ ಕಪ್ಲಾನ್-ಮಯರ್ ವಿಧಾನವನ್ನೇ 1985ರಲ್ಲಿ ಫೈಗಲ್ಸನ್ ಮತ್ತು ನೆಲ್ಸನ್ ಖಗೋಳಕ್ಕೆ ಒಗ್ಗಿಸಿದರು. ಅದನ್ನು ಹಾಕಿದ ಮೇಲೆ ನನ್ನ ಆ 'ಸ್ಪಷ್ಟ' ವ್ಯತ್ಯಾಸ ಕರಗಿಹೋಯಿತು.

ನನಗಿಂತ ಮೊದಲೇ ಇದನ್ನು ಮಾಡಿದವರಿದ್ದರು ಅಂತ ಓದಿದ್ದು ಆಮೇಲೆ. (ಮೊದಲೇ ಓದಬೇಕಿತ್ತು, ಗೊತ್ತು.) ಐಎಸ್ಒ ಅನ್ನುವ ಯುರೋಪಿನ ಉಪಗ್ರಹದಿಂದ ಫಾಂಟಿ ಮತ್ತು ಸಂಗಡಿಗರು ಇವನ್ನು ಇನ್ನೂ ಉದ್ದದ ತರಂಗಗಳಲ್ಲಿ ನೋಡಿದ್ದರು. ನನ್ನ 22 ಮೈಕ್ರಾನಿಗೆ ಕಾಣೋದು ಒಲೆಯ ಹತ್ತಿರದ ಬಿಸಿ ಧೂಳು. ದೂರದ ತಣ್ಣನೆಯ ಧೂಳು ಕಾಣಬೇಕಾದರೆ 60ರಿಂದ 200 ಮೈಕ್ರಾನ್ ಬೇಕು. ಅವರಿಗೂ ಹಲವು ಗ್ಯಾಲಕ್ಸಿಗಳು ಒಂಟಿಯಾಗಿ ಕಾಣಲೇ ಇಲ್ಲ. ಅವರು ಕಾಣದವನ್ನು ಎಸೆಯಲಿಲ್ಲ, ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರು. 2000ದಲ್ಲಿ ಬಂದ ಅವರ ಪೇಪರಿನ ಪ್ರಕಾರ ಪುಟ್ಟವಕ್ಕೂ ದೊಡ್ಡವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಷ್ಟರಲ್ಲಿ ಎಳೆಯವು ಅನ್ನೋ ಪಕ್ಷಕ್ಕೆ ಬೇರೆ ಕಡೆಯಿಂದ ಸಾಕ್ಷಿ ಸಿಕ್ಕಿತ್ತು. 0710+439 ಅನ್ನುವ ಒಂದರ ಎರಡು ತುದಿಗಳು ದೂರ ಸರಿಯುವ ವೇಗವನ್ನು ವರ್ಷಗಟ್ಟಲೆ ಅಳೆದು, 1998ರಲ್ಲಿ ಅದರ ವಯಸ್ಸು ಬರೀ ಸಾವಿರ ವರ್ಷದ ಆಸುಪಾಸು ಅಂತ ತೋರಿಸಿದ್ದರು. ಅದರ ಬೆಳಕು ನಮ್ಮನ್ನು ತಲುಪೋಕೆ ಸುಮಾರು 500 ಕೋಟಿ ವರ್ಷ ಬೇಕು, ಅದು ಬೇರೆ ಮಾತು. ಹಾಗಂತ ಜಗಳ ಪೂರ್ತಿ ಮುಗಿದಿಲ್ಲ. ಎಲ್ಲ ಪುಟ್ಟವೂ ಬೆಳೆದು ದೊಡ್ಡವಾಗೋದಾದರೆ ಆಕಾಶದಲ್ಲಿ ಪುಟ್ಟವು ಇಷ್ಟೊಂದು ಇರಬಾರದು. ಕೆಲವು ಬೆಳೆಯುವ ಮೊದಲೇ ಆರಿಹೋಗುತ್ತಿರಬೇಕು.

ಹೊಸ ಫ್ಲೆಕ್ಸಿಗೆ ದುಡ್ಡಿರಲಿಲ್ಲ. ಹೊಸ ಗ್ರಾಫನ್ನು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಹಳೆಯದರ ಮೇಲೆ ಅಂಟಿಸಿದೆ. ಶೀರ್ಷಿಕೆಯ ಮುಂದೆ ಮಾರ್ಕರಿನಲ್ಲಿ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ. "ಹಾಗಾದ್ರೆ ರಿಸಲ್ಟ್ ಏನೂ ಇಲ್ವಾ?" ಅಂತ ಜಡ್ಜ್ ಕೇಳಿದರು. "ವ್ಯತ್ಯಾಸ ಇದೆ ಅನ್ನೋಕೆ ನನ್ನ ಡೇಟಾ ಸಾಲದು ಸರ್" ಅಂದೆ. ಪ್ರೈಜ್ ಡ್ರೋನ್ ಮಾಡಿದ ಹುಡುಗರಿಗೆ ಹೋಯಿತು.

ಫ್ಲೆಕ್ಸ್ ಈಗ ಊರಲ್ಲಿ ಬಚ್ಚಲ ಸೌದೆಯ ಮೇಲೆ ಹೊದಿಸಿದೆ. ಅಂಟಿಸಿದ ಹಾಳೆ ಮೊದಲ ಮಳೆಗೇ ಕಿತ್ತುಬಂತಂತೆ. ಕೆಳಗಿನ ಹಳೇ ಗ್ರಾಫ್ ಮಾತ್ರ ಇನ್ನೂ ಚೆಂದ ಕಾಣುತ್ತೆ.