ಕಾಣದೆ ಉಳಿದ ಹುಲಿಗಳ ಲೆಕ್ಕ

ಹುಲಿಯ ಮಾತು ಎತ್ತಿದರೆ ಸಾಕು, ಅದು ಸಂಖ್ಯೆಗೆ ಬಂದೇ ನಿಲ್ಲುತ್ತದೆ. ಹುಣಸೂರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತವರಾಗಲಿ, ಬೆಂಗಳೂರಿನ ಮದುವೆ ಮನೆಯಲ್ಲಿ ಸಿಕ್ಕ ನೆಂಟರಾಗಲಿ, ಕೇಳುವುದು ಒಂದೇ: "ನಮ್ಮಲ್ಲೀಗ ಎಷ್ಟಿವೆಯಂತೆ? ಮಧ್ಯಪ್ರದೇಶಕ್ಕಿಂತ ಮುಂದೋ, ಹಿಂದೋ?" 2022ರ ಲೆಕ್ಕದಲ್ಲಿ ಮಧ್ಯಪ್ರದೇಶಕ್ಕೆ 785, ಕರ್ನಾಟಕಕ್ಕೆ 563, ಉತ್ತರಾಖಂಡಕ್ಕೆ 560. ಮೂರು ಹುಲಿಗಳಿಂದ ಎರಡನೆಯ ಸ್ಥಾನ ಉಳಿಯಿತೆಂದು ಹಿಗ್ಗಿದವರನ್ನು ನೋಡಿದ್ದೇನೆ. ಊರಿನ ಕಾಡಿನ ಮೇಲೆ ಅಭಿಮಾನ ಇರಬೇಕಾದ್ದೇ. ಆದರೆ ಇಂಥ ಲೆಕ್ಕದಲ್ಲಿ ಮೂರು ಹುಲಿ ಎಂಬುದು ಹೇಳಿಕೊಳ್ಳುವಂಥ ಅಂತರವೇ ಅಲ್ಲ.

ಅದೇ ಲೆಕ್ಕ ಹೊರಬಂದ ರೀತಿಯನ್ನು ನೋಡಿ. 2023ರ ಏಪ್ರಿಲ್‌ನಲ್ಲಿ, ಹುಲಿ ಯೋಜನೆಗೆ ಐವತ್ತು ತುಂಬಿದ ಸಂದರ್ಭಕ್ಕೆ, ಮೈಸೂರಿನಲ್ಲಿ ದೇಶದ ಸಂಖ್ಯೆ ಘೋಷಣೆಯಾಯಿತು: 3,167. ಜುಲೈ 29ಕ್ಕೆ ಇನ್ನೊಂದು ಸಂಖ್ಯೆ ಬಂತು: 3,682. ಮೂರು ತಿಂಗಳಲ್ಲಿ ಐನೂರು ಮರಿ ಹುಟ್ಟಿದವೇ ಎಂದು ಹಲವರು ನನ್ನನ್ನೇ ಕೇಳಿದರು. ಮೊದಲನೆಯದು 'ಕಡಿಮೆಯೆಂದರೂ ಇಷ್ಟು'. ಎರಡನೆಯದು ಸರಾಸರಿ ಅಂದಾಜು. 3,925 ಮೇಲಿನ ಮಿತಿ. ಈ ಮೂರನ್ನೂ ಒಟ್ಟಿಗೆ ಹೇಳಿದರಷ್ಟೇ ಮಾತು ಪೂರ್ತಿಯಾಗುತ್ತದೆ. ಒಂದನ್ನೇ ಕಿತ್ತು ತಲೆಬರಹ ಮಾಡಿದರೆ ಓದುವವರಿಗೆ ಅನ್ಯಾಯ, ಕಾಡಿಗಂತೂ ಇನ್ನೂ ಹೆಚ್ಚು.

ನಮ್ಮ ದೇಶ ಬಹಳ ಕಾಲ ಹುಲಿಯನ್ನು ಹೆಜ್ಜೆ ನೋಡಿಯೇ ಎಣಿಸಿತು. ಒಡಿಶಾದ ಸರೋಜ್ ರಾಜ್ ಚೌಧುರಿ ಅರುವತ್ತರ ದಶಕದಲ್ಲಿ ರೂಪಿಸಿದ ವಿಧಾನ ಅದು. ಮಣ್ಣಿನಲ್ಲಿ ಮೂಡಿದ ಹಿಂಗಾಲಿನ ಗುರುತಿನ ಮೇಲೆ ಗಾಜಿಟ್ಟು ನಕಲು ತೆಗೆಯುವುದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ಎತ್ತುವುದು, ಆಮೇಲೆ ಅಚ್ಚುಗಳನ್ನು ಸಾಲಾಗಿ ಇಟ್ಟು ಇದು ಒಂದು, ಇದು ಬೇರೆ ಎಂದು ವಿಂಗಡಿಸುವುದು. 1972ರ ಮೊದಲ ದೇಶವ್ಯಾಪಿ ಗಣತಿಯಲ್ಲಿ 1,827 ಎಂದು ಬಂದದ್ದು ಹೀಗೆಯೇ. ಬಿರುಬಿಸಿಲಲ್ಲಿ ಸಾವಿರಾರು ಗಾರ್ಡು, ವಾಚರುಗಳು ನಡೆದು ತಂದ ಅಚ್ಚುಗಳವು. ಆ ಶ್ರಮವನ್ನು ಹಗುರ ಮಾಡುವ ಮನಸ್ಸು ನನಗಿಲ್ಲ. ತೊಡಕು ಇದ್ದದ್ದು ವಿಧಾನದಲ್ಲಿ. ಒಂದೇ ಹುಲಿಯ ಹೆಜ್ಜೆ ಧೂಳಿನಲ್ಲಿ ಒಂದು ರೀತಿ, ಕೆರೆಯಂಚಿನ ಕೆಸರಿನಲ್ಲಿ ಇನ್ನೊಂದು ರೀತಿ. ಅದಕ್ಕಿಂತ ದೊಡ್ಡ ತೊಡಕೆಂದರೆ, ಎಲ್ಲ ಹುಲಿಗಳ ಹೆಜ್ಜೆಯೂ ಸಿಕ್ಕಿಬಿಟ್ಟಿದೆ ಎಂದು ಮೊದಲೇ ನಂಬಿಬಿಡುವುದು. ಸಿಗದೆ ಹೋದವು ಎಷ್ಟು ಎಂದು ಕೇಳುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಕಡತದ ತುಂಬ ಹುಲಿಗಳಿದ್ದವು. 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿದಿಲ್ಲವೆಂಬುದು ಬಯಲಾಯಿತು. ಆ ಸುದ್ದಿ ಓದಿದ ದಿನದ ಸಂಕಟ ನನಗಿನ್ನೂ ಮಾಸಿಲ್ಲ.

ಕಾಣದ್ದನ್ನು ಲೆಕ್ಕ ಹಾಕುವ ಉಪಾಯ ಮಾತ್ರ ಹಳೆಯದೇ. ಡೆನ್ಮಾರ್ಕಿನ ಪೀಟರ್ಸನ್ ಎಂಬವರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೀನುಗಳಿಗೆ ಗುರುತು ಹಾಕಿ ಬಿಟ್ಟರು; ಅಮೆರಿಕದ ಲಿಂಕನ್ 1930ರಲ್ಲಿ ಕಾಲಿಗೆ ಬಳೆ ತೊಡಿಸಿದ ಬಾತುಕೋಳಿಗಳ ಲೆಕ್ಕ ಹಿಡಿದರು. ಹುಲಿಗೆ ಗುರುತು ಹಾಕುವ ಗೋಜೇ ಇಲ್ಲ, ಪಟ್ಟೆಗಳನ್ನು ಹೊತ್ತೇ ಹುಟ್ಟುತ್ತದೆ. ಉದಾಹರಣೆಗೆ ಹೇಳುತ್ತೇನೆ: ಮೊದಲ ಸುತ್ತಿನಲ್ಲಿ 20 ಬೇರೆ ಬೇರೆ ಹುಲಿಗಳ ಫೋಟೊ ಸಿಕ್ಕಿತು ಅನ್ನಿ. ಎರಡನೆಯ ಸುತ್ತಿನಲ್ಲಿ 15 ಸಿಕ್ಕವು, ಅವುಗಳಲ್ಲಿ 12 ಹಳೆಯ ಪರಿಚಯದವು. ಅಂದರೆ ಐದಕ್ಕೆ ನಾಲ್ಕು ಈಗಾಗಲೇ ನಮ್ಮ ಪುಸ್ತಕದಲ್ಲಿವೆ. ಪುಸ್ತಕದಲ್ಲಿರುವ 20, ಒಟ್ಟು ಹುಲಿಗಳ ಐದರಲ್ಲಿ ನಾಲ್ಕು ಪಾಲು ಎಂದಾದರೆ ಒಟ್ಟು 25. ಅವುಗಳಲ್ಲಿ ಎರಡನ್ನು ಯಾರೂ ಕಂಡಿಲ್ಲ. 20 ಮತ್ತು ಹೊಸದಾಗಿ ಸಿಕ್ಕ 3 ಸೇರಿ 23 ಆಯಿತಲ್ಲ, ಉಳಿದ ಎರಡು. ಕಾಣದಿದ್ದರೂ ಲೆಕ್ಕದೊಳಗೆ ಬಂದವು. ಈ ಒಂದು ಹೆಜ್ಜೆ ನನಗೆ ಇವತ್ತಿಗೂ ಬೆರಗು.

ತೊಂಬತ್ತರ ದಶಕದ ಮೊದಲಲ್ಲಿ ಇದನ್ನು ಹುಲಿಗೆ ಹೊಂದಿಸಿ ತೋರಿಸಿದ ಜಾಗ ನಮ್ಮ ನಾಗರಹೊಳೆ, ತೋರಿಸಿದವರು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು. ಜೊತೆಗೆ ನಿಂತವರು ಅಮೆರಿಕದ ಸಂಖ್ಯಾತಜ್ಞ ಜೇಮ್ಸ್ ನಿಕೋಲ್ಸ್. ಹುಲಿ ಓಡಾಡುವ ಕಾಡುದಾರಿಯ ಎರಡೂ ಬದಿಗೆ ಎದುರುಬದುರು ಕ್ಯಾಮೆರಾ. ಎರಡೇಕೆ ಅಂದರೆ, ಹುಲಿಯ ಎಡಮಗ್ಗುಲಿನ ಪಟ್ಟೆಗೂ ಬಲಮಗ್ಗುಲಿನ ಪಟ್ಟೆಗೂ ಹೋಲಿಕೆಯಿಲ್ಲ, ಎರಡೂ ಬೇಕು. 1998ರಲ್ಲಿ ಅವರಿಬ್ಬರು ಪ್ರಕಟಿಸಿದ ಲೆಕ್ಕದಲ್ಲಿ ನೂರು ಚದರ ಕಿಲೋಮೀಟರಿಗೆ ಕಾಜಿರಂಗದಲ್ಲಿ 16.8 ಹುಲಿ, ನಾಗರಹೊಳೆಯಲ್ಲಿ 11.5, ಪೆಂಚ್‌ನಲ್ಲಿ 4.1. ಇದು ಸಾಂದ್ರತೆ. ನನ್ನ ಕೇಳಿದರೆ ಒಟ್ಟು ಸಂಖ್ಯೆಗಿಂತ ಇದೇ ಹೆಚ್ಚು ಮಾತಾಡುತ್ತದೆ. ಆದರೆ ಭಾಗಿಸುವಾಗ ಜಾಗ ಎಷ್ಟೆಂದು ಗೊತ್ತಿರಬೇಕು. ಅಂಚಿನ ಕ್ಯಾಮೆರಾಕ್ಕೆ ಸಿಕ್ಕ ಹುಲಿ ಅರ್ಧ ಬಾಳನ್ನು ಆಚೆ ಕಡೆ ಕಳೆಯುತ್ತಿರುತ್ತದೆ. ಹಿಂದೆ ಸುತ್ತ ಇಷ್ಟು ಅಗಲದ ಪಟ್ಟಿ ಸೇರಿಸಿ ತೂಗಿಸುತ್ತಿದ್ದರು. ಈಗ ಯಾವ ಹುಲಿ ಯಾವ ಕ್ಯಾಮೆರಾದಲ್ಲಿ ಎಷ್ಟು ಸಲ ಎಂಬುದರಿಂದ ಅದರ ನೆಲೆಯ ನಡುವನ್ನೇ ಅಂದಾಜು ಮಾಡುತ್ತಾರೆ.

ಪಟ್ಟೆಯಿಲ್ಲದ ಕಡವೆ, ಜಿಂಕೆಗಳ ಗತಿ? ಅವಕ್ಕೆ ಕಾಲ್ನಡಿಗೆ. ಸ್ವಯಂಸೇವಕನಾಗಿ ನಾನೂ ಲೈನ್ ನಡೆದಿದ್ದೇನೆ. ಬೆಳಕು ಹರಿಯುತ್ತಿದ್ದಂತೆ ಇಬ್ಬರು, ಮಾತಿಲ್ಲ, ನೇರ ಗೆರೆ. ಆ ಗೆರೆಯನ್ನು ರಸ್ತೆಯ ಮೇಲೆ ಎಳೆಯುವಂತಿಲ್ಲ. ರಸ್ತೆಬದಿಯ ಹುಲ್ಲಿಗೆ ಜಿಂಕೆ ಸೇರುವುದೇ ಹೆಚ್ಚು. ಮುಂದೆ ನಡೆಯುತ್ತಿದ್ದ ಜೇನುಕುರುಬರ ಹಿರಿಯರೊಬ್ಬರು ಗಕ್ಕನೆ ಕೈ ಎತ್ತಿದರು. "ಕಡವೆ ಸಾ, ಎರಡು." ನನಗೆ ಕಂಡದ್ದು ಲಂಟಾನ ಪೊದೆ ಮಾತ್ರ. "ಎಲ್ಲಣ್ಣ?" ಎಂದೆ ಉಸಿರಲ್ಲೇ. ಪೊದೆಯ ಒಂದು ಎಲೆ ಕಿವಿಯಾಗಿ ಅಲುಗಿತು. ರೇಂಜ್ ಫೈಂಡರಿನಲ್ಲಿ ದೂರ, ದಿಕ್ಸೂಚಿಯಲ್ಲಿ ಕೋನ, ಹಾಳೆಯಲ್ಲಿ ಸಮಯ. ಆ ದೂರವೇ ಇಲ್ಲಿ ಪ್ರಾಣ. ಗೆರೆಯ ಮೇಲಿರುವುದು ತಪ್ಪಿಸಿಕೊಳ್ಳದು. ದೂರ ಹೋದಂತೆ ಕಾಣುವುದು ಇಳಿಯುತ್ತದೆ. ಎಷ್ಟು ಬೇಗ ಇಳಿಯಿತು ಎಂಬುದರಿಂದ ಪೊದೆಯಲ್ಲಿ ಉಳಿದವೆಷ್ಟು ಎಂದು ಲೆಕ್ಕ ಸಿಗುತ್ತದೆ.

ಆನೆಗೆ ಲದ್ದಿ ಎಣಿಕೆಯೂ ಉಂಟು. ಅಡುಗೆ ಕಂಟ್ರಾಕ್ಟರು ಎಲೆ ಲೆಕ್ಕದಲ್ಲಿ ಉಂಡವರೆಷ್ಟು ಎಂದು ಹೇಳುವ ಹಾಗೆಯೇ. ಆದರೆ ಒಂದು ಆನೆ ದಿನಕ್ಕೆಷ್ಟು ಸಲ ಲದ್ದಿ ಹಾಕುತ್ತದೆ, ಅದು ಕರಗಲು ಎಷ್ಟು ದಿನ ಬೇಕು, ಎರಡೂ ಆ ಕಾಡಿನಲ್ಲೇ ಗೊತ್ತಾಗಬೇಕು. ಮಳೆಗಾಲದ ಲದ್ದಿಗೂ ಬೇಸಿಗೆಯ ಲದ್ದಿಗೂ ಆಯುಷ್ಯ ಒಂದಲ್ಲ. ಸೀಳುನಾಯಿಗೆ ಈಗ ಮಲದ ಡಿಎನ್‌ಎ ಗುರುತು. ಅದೂ ಪ್ರಾಣಿಯನ್ನು ಹಿಡಿಯದೆಯೇ ಆಗುವ ಕೆಲಸ.

ಇಷ್ಟೆಲ್ಲ ತಲೆಬಿಸಿ ಯಾಕೆ ಎಂದರೆ, ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬಲಿ ಬೇಕು. ಗೊರಸಿನ ಪ್ರಾಣಿಗಳಲ್ಲಿ ನೂರಕ್ಕೆ ಹತ್ತನ್ನು ಹುಲಿ ತಿಂದರೆ ಹಿಂಡು ತಡೆದುಕೊಳ್ಳುತ್ತದೆ ಎಂಬುದು ಅಂದಾಜು. ಅಲ್ಲಿಗೆ ಒಂದು ಹುಲಿಯ ಹಿಂದೆ 500 ಜಿಂಕೆ, ಕಡವೆ, ಕಾಟಿ, ಹಂದಿ ಬದುಕಿರಬೇಕು. ಕಡವೆ ಎಣಿಸದೆ ಹುಲಿಯನ್ನಷ್ಟೇ ಎಣಿಸುತ್ತ ಕೂತರೆ ಕಾಡು ಬರಿದಾಗುವುದು ನಮಗೆ ಗೊತ್ತಾಗುವುದು ತೀರ ತಡವಾಗಿ. ನಾಗರಹೊಳೆಯಲ್ಲಿ 1991ರಿಂದ 2000ದವರೆಗೆ ಕ್ಯಾಮೆರಾ ಇಟ್ಟಾಗ, ವರ್ಷದಿಂದ ವರ್ಷಕ್ಕೆ ಉಳಿದುಕೊಳ್ಳುವ ಹುಲಿಗಳು ನೂರಕ್ಕೆ 77 ಮಾತ್ರ ಎಂದು ತಿಳಿಯಿತು. ಉಳಿದವು ಸತ್ತಿವೆ, ಇಲ್ಲವೇ ನೆಲೆ ಬಿಟ್ಟು ಹೋಗಿವೆ. ಸಾಂದ್ರತೆಯೂ 7ರಿಂದ 22ರ ತನಕ ಏರಿಳಿಯಿತು. ಹಾಗಿದ್ದೂ ಅದು ಆರೋಗ್ಯವಂತ ಕಾಡು. ತಿನ್ನಲು ಬೇಟೆಯಿತ್ತು, ಮರಿಗಳು ಬೆಳೆದು ಖಾಲಿ ಜಾಗ ತುಂಬಿದವು. ಇದು ಗೊತ್ತಿದ್ದರೆ ಒಂದು ಮುದಿ ಗಂಡು ಸತ್ತ ದಿನ ಟಿವಿಯಲ್ಲಿ ಗೋಳಾಡುವುದಿಲ್ಲ. ಕಡವೆಗೆ ಉರುಳು ಹಾಕಿದ ಸುದ್ದಿ ಒಳಪುಟದ ಮೂಲೆಯಲ್ಲಿ ಬಂದರೂ ಎದೆ ಧಸಕ್ಕೆನ್ನುತ್ತದೆ.

ಹಾಗಾಗಿ ಮುಂದಿನ ಸಲ ಸಂಖ್ಯೆ ಬಂದಾಗ ನನಗೆ ಫೋನ್ ಮಾಡುವ ಗೆಳೆಯರಲ್ಲಿ ಒಂದು ಕೋರಿಕೆಯಿದೆ. ಎಷ್ಟನೆಯ ಸ್ಥಾನ ಎಂದು ಕೇಳುವ ಮೊದಲು, ಕೆಳಗಿನ ಮಿತಿ, ಮೇಲಿನ ಮಿತಿ ಯಾವುದು ಎಂದು ಕೇಳಿ. ಕ್ಯಾಮೆರಾ ಎಲ್ಲೆಲ್ಲಿ ಇಟ್ಟಿದ್ದರು, ಅದೇ ಕಾಡಿನಲ್ಲಿ ಕಡವೆ ಎಷ್ಟಿದ್ದವು ಎಂದು ಕೇಳಿ. ಆಮೇಲೆ ಎಷ್ಟು ಹೊತ್ತು ಬೇಕಾದರೂ ಮಾತಾಡೋಣ.