ಅಂಕೋಲೆಯ ಶಿಬಿರದಲ್ಲೊಂದು ಮೇಜಿನಾಟ

ಕಾರವಾರದಿಂದ ಅಂಕೋಲೆಗೆ ಹೆದ್ದಾರಿಯ ಮಾರ್ಗವಾಗಿ ಸುಮಾರು 35 ಕಿಲೋಮೀಟರು. ಎಡಗಡೆ ಸಹ್ಯಾದ್ರಿಯ ಗುಡ್ಡಗಳು. ಬಲಗಡೆ ಅರಬ್ಬೀ ಸಮುದ್ರ. ಆದರೆ ಬಿಣಗಾ, ಅರಗಾ, ಅಮದಳ್ಳಿಗಳನ್ನು ದಾಟುವಾಗ ಪ್ರವಾಸಿಯು ಸಮುದ್ರವನ್ನು ಅರಸಿದರೆ ಹಲವೆಡೆ ಗೋಡೆಯೇ ಕಾಣುವುದು. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯ ಗೋಡೆಯದು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆಮಾರುಗಳನ್ನು ಬಿಟ್ಟೆದ್ದು ಬೇರೆಡೆ ನೆಲೆಸಬೇಕಾಯಿತು. ದೇಶರಕ್ಷಣೆಯ ಅಗತ್ಯವನ್ನು ಅಲ್ಲಗಳೆಯುವವರಾರು? ಆದರೂ ಅಜ್ಜಂದಿರು ಬಲೆ ಎಳೆದ ಮಳಲಿನ ಮೇಲೆ ಮೊಮ್ಮಕ್ಕಳು ಚೆಂಡಾಡಲಾರರೆಂಬುದೂ ಅಷ್ಟೇ ದಿಟ.

ಅಂತಹ ಮನೆತನಗಳ ಮಕ್ಕಳೂ ಕೆಲವರಿದ್ದ ಬೇಸಗೆಯ ಶಿಬಿರವೊಂದನ್ನು ಕಳೆದ ಮೇ ತಿಂಗಳಲ್ಲಿ ಅಂಕೋಲೆಯ ಬಳಿಯ ಒಂದು ಶಾಲೆಯಲ್ಲಿ ಕಂಡೆನು. ಹಾಡು, ಚಿತ್ರ, ಮಣ್ಣಿನ ಗೊಂಬೆ ಇವು ಎಲ್ಲ ಶಿಬಿರಗಳಲ್ಲಿಯೂ ಇರತಕ್ಕವೇ. ನನ್ನ ಮನಸ್ಸನ್ನು ಸೆಳೆದುದು ಜಗಲಿಯ ಮೇಲೆ ನಡೆಯುತ್ತಿದ್ದ ಟೇಬಲ್ ಟೆನಿಸ್ ಆಟ. ವಾಚಕರು ನುಣುಪಾದ ಹಸುರು ಮೇಜನ್ನು ಕಲ್ಪಿಸಿಕೊಳ್ಳಬಾರದು. ನಿಯಮದ ಮೇಜು 2.74 ಮೀಟರು ಉದ್ದವಿದ್ದು, ಬಲೆಯ ಎತ್ತರ 15.25 ಸೆಂಟಿಮೀಟರು ಇರತಕ್ಕದ್ದು. ಇಲ್ಲಿಯೋ ನಾಲ್ಕು ಡೆಸ್ಕುಗಳನ್ನು ಜೋಡಿಸಿದ್ದರು. ಒಂದರ ಎತ್ತರ ಇನ್ನೊಂದಕ್ಕಿಲ್ಲ. ಬ್ಯಾಟುಗಳೆಂದರೆ ಪರೀಕ್ಷೆಗೆ ಒಯ್ಯುವ ಎರಡು ರಟ್ಟುಗಳು, ಕ್ಲಿಪ್ಪು ಸಹಿತವಾಗಿ. ಬಲೆಯೊಂದು ಮಾತ್ರ ಅಪ್ಪಟ ಬಲೆ: ಒಬ್ಬ ಹುಡುಗನು ಅಜ್ಜನನ್ನು ಕೇಳಿ ತಂದ ಮೀನುಬಲೆಯ ತುಂಡು.

ಇದು ಆಟಕ್ಕೆ ಅವಮಾನವೆಂದು ಯಾರೂ ಭಾವಿಸಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸಿರಿವಂತರು ರಾತ್ರಿಯ ಊಟ ಮುಗಿಸಿ, ಅದೇ ಮೇಜಿನ ನಡುವೆ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ, ಸಿಗಾರು ಪೆಟ್ಟಿಗೆಯ ಮುಚ್ಚಳದಿಂದ ಬೆಂಡಿನ ಚೆಂಡನ್ನು ಹೊಡೆದಾಡುತ್ತಿದ್ದರಂತೆ. ಅಂತಾರಾಷ್ಟ್ರೀಯ ಸಂಸ್ಥೆ ಹುಟ್ಟಿದ್ದು 1926ರಲ್ಲಿ. ಏಷ್ಯಾ ಖಂಡದಲ್ಲಿ ಮೊತ್ತಮೊದಲು ಜಾಗತಿಕ ಪಂದ್ಯಗಳು ನಡೆದುದು 1952ರಲ್ಲಿ, ಮುಂಬಯಿಯಲ್ಲಿ. ಆಗ ಕಾರವಾರವೂ ಅಂಕೋಲೆಯೂ ಮುಂಬಯಿ ರಾಜ್ಯಕ್ಕೇ ಸೇರಿದ್ದುವು. ಅಲ್ಲಿ ಜಪಾನಿನ ಹಿರೋಜಿ ಸಾತೋ ಎಂಬವರು ದಪ್ಪನೆಯ ಸ್ಪಂಜು ಹೊದಿಸಿದ ಬ್ಯಾಟಿನಿಂದ ಆಡಿ ಗೆದ್ದರು. ಹೊಡೆತದ ಸದ್ದೇ ಕೇಳಿಸದೆ ಎದುರಾಳಿಗಳು ಕಕ್ಕಾಬಿಕ್ಕಿಯಾದರು. ನಮ್ಮ ರಟ್ಟಿನದು ಇದಕ್ಕೆ ವಿರುದ್ಧವಾದ ಗುಣ. ನೆರೆಮನೆಯ ಮಧ್ಯಾಹ್ನದ ನಿದ್ರೆಗೆ ಅದು ಪರಮ ಶತ್ರು.

ಆಟದ ಕ್ರಮವನ್ನು ಹೇಳುವೆನು. ಮೇಜಿನ ಎರಡು ತುದಿಗಳಲ್ಲಿಯೂ ಮಕ್ಕಳ ಸಾಲು. ಚೆಂಡನ್ನು ಹೊಡೆದವನು ರಟ್ಟನ್ನು ಮೇಜಿನ ಮೇಲಿಟ್ಟು ಎದುರು ತುದಿಗೆ ಓಡಬೇಕು. ಬೆನ್ನಿಗಿದ್ದವನು ಅದನ್ನೆತ್ತಿಕೊಂಡು ಮರಳಿ ಬಂದ ಚೆಂಡಿಗೆ ಒಡ್ಡಬೇಕು. ಹೀಗೆ ಸರ್ವರೂ ಮೇಜಿಗೆ ಪ್ರದಕ್ಷಿಣೆ ಬರುತ್ತಿರುವರು. ಮೇಜನ್ನು ಸುತ್ತುವ ಆಟ ಬೇರೆ ದೇಶಗಳಲ್ಲಿಯೂ ಉಂಟು. ಅಲ್ಲಿ ತಪ್ಪಿದವನು ಹೊರಗೆ ಕೂಡಬೇಕು. ಈ ಮಕ್ಕಳು ಮಾಡಿಕೊಂಡ ತಿದ್ದುಪಡಿಯೇ ಬೇರೆ. ತಪ್ಪಿದವನು ಬಲೆಯ ತುದಿಯನ್ನು ಹಿಡಿದು ನಿಲ್ಲಬೇಕು. ಬಲೆಗೆ ಎರಡೇ ತುದಿ. ಮೂರನೆಯವನು ತಪ್ಪಿದೊಡನೆ ಮೊದಲನೆಯವನಿಗೆ ಬಿಡುಗಡೆ! ಯಾರೂ ಬಹಳ ಹೊತ್ತು ಹೊರಗಿಲ್ಲ. ಯಾರೂ ಗೆಲ್ಲುವುದೂ ಇಲ್ಲ. ಬಲೆ ಹಿಡಿದವರು ನಕ್ಕರೆ ಬಲೆ ಕುಣಿಯುವುದು. ಅದಕ್ಕೆ 'ಅಲೆ ಬಂತು' ಎನ್ನುವರು, ತಕರಾರಿಲ್ಲ. ಚೆಂಡಿನ ತೂಕ 2.7 ಗ್ರಾಮು. ಮಧ್ಯಾಹ್ನದ ಕಡಲಗಾಳಿ ಬೀಸಿತೆಂದರೆ ಅದು ಅಂಗಳಕ್ಕೆ ಹಾರುವುದು, ಸಾಲಿಗೆ ಸಾಲೇ ಅದರ ಹಿಂದೆ ಧಾವಿಸುವುದು. ಎಲ್ಲರಿಗಿಂತ ಚಿಕ್ಕ ಹುಡುಗಿಯೊಬ್ಬಳಿಗೆ ಚೆಂಡು ಎರಡು ಸಲ ಪುಟಿದ ಮೇಲೂ ಹೊಡೆಯುವ ರಿಯಾಯಿತಿ ಇತ್ತು. ಮಾರನೆಯ ದಿನ ಅವಳೇ ಅದು ಬೇಡವೆಂದಳು.

ಈ ನಡುವೆ ಶಿಬಿರದ ಹಿತೈಷಿಗಳೊಬ್ಬರು ಒಂದು ಬೆಳ್ಳಿಬಣ್ಣದ ಕಪ್ಪನ್ನು ತಂದು, ಕ್ರಮವಾದ ಪಂದ್ಯ ನಡೆಯಲಿ ಎಂದರು. ಅವರ ಉದ್ದೇಶ ಒಳ್ಳೆಯದೇ. ಕೈ ಪಳಗಲು ಪಂದ್ಯ ಬೇಕು. ಬಲೆಯ ತುದಿಗಳನ್ನು ಇಟ್ಟಿಗೆಗಳಿಗೆ ಕಟ್ಟಿದರು. ಇಬ್ಬರು ಆಡಿದರು, ಮಿಕ್ಕವರು ನೋಡಿದರು. ಚಿಕ್ಕ ಹುಡುಗಿ ನಾಲ್ಕೇ ನಿಮಿಷಗಳಲ್ಲಿ ಸೋತು ನೀರಿನ ಕೊಡದ ಬಳಿ ಹೋಗಿ ಕುಳಿತಳು. ಮತ್ತೆ ಕರೆಯುವವರಿಲ್ಲ. ಅರ್ಧ ತಾಸಿನಲ್ಲಿ ಜಗಲಿಯ ಕಂಬಕ್ಕೊಂದರಂತೆ ಒರಗಿದ ಮಕ್ಕಳು, ನಗುವೇ ಇಲ್ಲ. ಬಲೆ ತಂದ ಹುಡುಗನು ಮೆಲ್ಲನೆ, "ಅಕ್ಕೋರೇ, ಬಲೆ ಹಿಡಿಯುವುದಕ್ಕೆ ಯಾರೂ ಇಲ್ಲವಲ್ಲ" ಎಂದನು. ಅಕ್ಕೋರು ಉತ್ತರ ಕೊಡಲಿಲ್ಲ.

ಕಪ್ಪು ಒಬ್ಬನಿಗೆ ದೊರೆಯಿತು, ಚಪ್ಪಾಳೆಯೂ ಆಯಿತು. ಹಿತೈಷಿಗಳ ಕಾರು ಗೇಟು ದಾಟಿತೋ ಇಲ್ಲವೋ, ಅಕ್ಕೋರು ತಾವೇ ಇಟ್ಟಿಗೆಗಳನ್ನು ತೆಗೆದಿಟ್ಟು ಬಲೆಯ ಒಂದು ತುದಿಯನ್ನು ಹಿಡಿದರು. ಮತ್ತೊಂದು ತುದಿಗೆ ಗೆದ್ದ ಹುಡುಗನೇ ಬಂದನು. ಕಪ್ಪಿನಲ್ಲಿ ಮಿಕ್ಕ ಚೆಂಡುಗಳನ್ನು ತುಂಬಿ ಗಾಳಿ ತಾಗದ ಮೂಲೆಯಲ್ಲಿ ಇರಿಸಿದರು. ಕೊಡದ ಬಳಿಯಿಂದ ಚಿಕ್ಕವಳು ಎದ್ದು ಓಡಿ ಬಂದುದನ್ನು ಕಂಡೆನು.

ಸಂಜೆ ಗಂಟೆಯಾದಾಗ ಬಲೆಯ ಒಂದು ಕಣ್ಣು ಹರಿದಿತ್ತು. ರಾತ್ರಿ ಅಜ್ಜನಿಂದ ಹೆಣೆಯಿಸಿ ತರುವೆನೆಂದು ಹೇಳಿ, ಹುಡುಗನು ಅದನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡನು.