ಬಾಟಲಿಯೊಳಗೆ ಚೆಂಡು ಹೂವಿನ ಬೇರು

ಆಯುಧಪೂಜೆಯ ಹಿಂದಿನ ದಿನ ಚೆಂಡು ಹೂವನ್ನು ಮಾರುಗಟ್ಟಲೆ ಕೊಂಡು ತಂದು ಬಾಗಿಲಿಗೆ ಕಟ್ಟುತ್ತೇವೆ. ನನಗೆ ಮಾತ್ರ ಹೂವಿಗಿಂತ ಅದರ ಬೇರಿನ ಮೇಲೆಯೇ ಮೋಹ. ಟೊಮೆಟೊ ಬೇರಿಗೆ ಗಂಟು ಕಟ್ಟಿಸುವ ಜಂತುಹುಳುಗಳಿಗೆ ವಿಷವಾಗುವ ಥಯೋಫೀನ್‌ಗಳು, ಅಂದರೆ ಗಂಧಕವಿರುವ ರಾಸಾಯನಿಕಗಳು, ಅಲ್ಲಿ ತುಂಬಿರುತ್ತವೆ. 1958ರಲ್ಲಿ ನೆದರ್‌ಲೆಂಡ್ಸಿನ ಇಬ್ಬರು ವಿಜ್ಞಾನಿಗಳು ಆ ವಿಷವನ್ನು ಬೇರಿನಿಂದಲೇ ತೆಗೆದು ತೋರಿಸಿದರು. ಮಣ್ಣಿನ ಹಂಗಿಲ್ಲದೆ ಆ ಬೇರನ್ನು ಗಾಜಿನ ಬಾಟಲಿಯಲ್ಲಿ ಬೆಳೆಸುವುದು ನನಗೆ ಬಲು ಇಷ್ಟದ ಕೆಲಸ.

ಶುರುವಾಗುವುದು ಅಡುಗೆಯಂತೆಯೇ. ಒಂದು ಲೀಟರ್ ನೀರಿಗೆ 30 ಗ್ರಾಂ ಸಕ್ಕರೆ, 8 ಗ್ರಾಂ ಅಗರ್, ಜೊತೆಗೆ ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ತಂಬಾಕಿನ ಅಂಗಾಂಶಕ್ಕೆಂದು ಹದಮಾಡಿದ ಲವಣಗಳು. ಪಿಎಚ್ 5.8ಕ್ಕೆ ತಂದು, ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿ 121 ಡಿಗ್ರಿ ಶಾಖಕ್ಕೆ ಇಡಬೇಕು.

ಆಮೇಲೆಲ್ಲ ಮಡಿ. ಅಜ್ಜಿಯ ಮಡಿಗಿಂತ ಕಟ್ಟುನಿಟ್ಟು. ಒಮ್ಮೆ ಮಾತಾಡುತ್ತಾ ಎಲೆ ಕತ್ತರಿಸಿದ್ದಕ್ಕೆ ಮೂರನೆಯ ದಿನ ಅಷ್ಟೂ ಬಾಟಲಿಗಳಲ್ಲಿ ಬೂಷ್ಟು. ಅಂದಿನಿಂದ ಆ ಮೇಜಿನ ಮುಂದೆ ಕೂತರೆ ನಾನು ಬಾಯಿ ಬಿಡುವುದಿಲ್ಲ.

ಗಟ್ಟಿಯಾದ ಆ ಮಿಶ್ರಣದ ಮೇಲೆ ಇಟ್ಟ ಎಲೆಯ ಚೂರಿನ ಅಂಚು ಮೊದಲು ಉಬ್ಬುತ್ತದೆ. ಎರಡು ಮೂರು ವಾರದಲ್ಲಿ ಒಡೆದ ಹಾಲಿನ ಗಿಣ್ಣಿನಂಥ ಪುಡಿಪುಡಿ ಮುದ್ದೆ, ತಿಳಿಹಳದಿ. ಇದೇ ಕ್ಯಾಲಸ್. ನೋಡಲು ಚೆಂದ, ಆದರೆ ಥಯೋಫೀನ್ ಕೇಳಿದರೆ ಕೈ ಬಿಗಿ. ಎಲೆಯೂ ಅಲ್ಲದ ಬೇರೂ ಅಲ್ಲದ ಆ ಜೀವಕೋಶಗಳಿಗೆ ಬೇರಿನ ಕಸುಬು ಇನ್ನೂ ಹತ್ತಿರುವುದಿಲ್ಲ.

ಅದಕ್ಕೇ ಅಗ್ರೋಬ್ಯಾಕ್ಟೀರಿಯಂ ರೈಜೋಜೀನ್ಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಮೊರೆ ಹೋಗುವುದು. ಕಾಂಡಕ್ಕೆ ಸೂಜಿಯಿಂದ ಚುಚ್ಚಿ ಇದನ್ನು ಸವರಿದರೆ, ತನ್ನ ಡಿಎನ್‌ಎಯ ಒಂದು ತುಣುಕನ್ನು ಗಿಡದ ಜೀವಕೋಶಕ್ಕೆ ಸೇರಿಸಿಬಿಡುತ್ತದೆ. ಗಾಯದಿಂದ ಬಿಳಿ ಬೇರು ಹೊರಡುತ್ತದೆ, ಮೈತುಂಬ ನವಿರು ರೋಮ. ಕತ್ತರಿಸಿ, ಬ್ಯಾಕ್ಟೀರಿಯಾವನ್ನು ಔಷಧಿಯಿಂದ ತೊಲಗಿಸಿ, ಹಾರ್ಮೋನ್ ಇಲ್ಲದ ದ್ರವದಲ್ಲಿ ಬಿಟ್ಟರೂ ಅದಕ್ಕೆ ಯಾವ ಕೊರತೆಯೂ ಇಲ್ಲ. ಕೆಳಮುಖವಾಗಿ ಇಳಿಯುವ ಹಟವೂ ಇಲ್ಲ. ಅಡ್ಡಡ್ಡ ಕವಲೊಡೆದು ಕೆಲವೇ ವಾರಗಳಲ್ಲಿ ಹಕ್ಕಿಗೂಡಿನಂತೆ ಬಾಟಲಿ ತುಂಬುತ್ತದೆ. ಬೆಳಿಗ್ಗೆ ಕೋಣೆಗೆ ಹೋದವನು ಮೊದಲು ಬೆಳಕಿಗೆ ಹಿಡಿದು ನೋಡುವುದು ಅದನ್ನೇ.

ಕೊನೆಗೆ ಬೇರಿನ ಸಾರವನ್ನೂ ಕ್ಯಾಲಸ್‌ನ ಸಾರವನ್ನೂ ಸಿಲಿಕಾ ಬಳಿದ ತಗಡಿನ ಮೇಲೆ ಅಕ್ಕಪಕ್ಕ ಹರಿಸಿ, ಕತ್ತಲಲ್ಲಿ ಅತಿನೇರಳೆ ದೀಪ ಹಚ್ಚುತ್ತೇನೆ. ಕ್ಯಾಲಸ್‌ನ ಸಾಲು ಮಂಕು. ಬೇರಿನ ಸಾಲಿನಲ್ಲಿ ನೀಲಿ ಪಟ್ಟೆ ಹೊಳೆಯುತ್ತದೆ.